ಸೊಸೈಟಿಗೆ ಕಂಪ್ಯೂಟರ್ ಬಂತು, ಲೆಡ್ಜರ್ ಮಾತ್ರ ನಿಲ್ತಿಲ್ಲ. ಏನು ಮಾಡಲಿ?

ಸೊಸೈಟಿ_ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ, ಅಂದರೆ ವಿಎಸ್‌ಎಸ್‌ಎನ್‌ನಲ್ಲಿ ನಾನು ಕಾರ್ಯದರ್ಶಿ. ಹಿಂದಿನವರು ನಿವೃತ್ತರಾದ ಮೇಲೆ ಈ ಕುರ್ಚಿಗೆ ಬಂದೆ. ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ ಕೇಂದ್ರದ ಯೋಜನೆ 2022ರಲ್ಲಿ ಮಂಜೂರಾಯಿತಲ್ಲ, 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಅಂತ, ಅದರಲ್ಲಿ ನಮ್ಮ ಸಂಘವೂ ಇದೆ.

ಕಂಪ್ಯೂಟರ್ ಬಂತು, ಪ್ರಿಂಟರ್ ಬಂತು, ಸಾಫ್ಟ್‌ವೇರ್ ಬಂತು. ತರಬೇತಿಯೂ ಆಯಿತು. ಆದರೆ ಹಿರಿಯ ಗುಮಾಸ್ತರು ಬೆಳಿಗ್ಗೆ ಬಂದವರೇ ಕ್ಯಾಶ್ ಬುಕ್ ತೆಗೆದು ಬರೆಯೋಕೆ ಕೂರುತ್ತಾರೆ. ಮಧ್ಯಾಹ್ನದ ಮೇಲೆ ಒಬ್ಬ ಹುಡುಗಿ ಅದನ್ನೇ ನೋಡಿಕೊಂಡು ಕಂಪ್ಯೂಟರ್‌ಗೆ ಹಾಕುತ್ತಾಳೆ. ಸಂಜೆ ಎರಡೂ ತಾಳೆ ಆಗಲ್ಲ. ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚೋದು, ಮಾಡಲಾಗದೆ ಹಿಂದೆ ಬಿದ್ದಿದ್ದೇವೆ. ನಮ್ಮ ಮೇಲಿನ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನ ಮೇಲ್ವಿಚಾರಕರು ಬಂದಾಗಲೆಲ್ಲ ನನಗೇ ಮಂಗಳಾರತಿ.

ಸದಸ್ಯರೂ ಅಷ್ಟೇ. ಪ್ರಿಂಟಾದ ರಸೀದಿ ಕೈಗೆ ಕೊಟ್ಟರೆ, ಗುಮಾಸ್ತರ ಹತ್ತಿರ ಹೋಗಿ "ಪುಸ್ತಕದಲ್ಲಿ ಬರ್ಕೊಂಡ್ರಾ?" ಅಂತ ಕೇಳುತ್ತಾರೆ. ಆಡಳಿತ ಮಂಡಳಿಯವರು "ಅವರು ರಿಟೈರ್ ಆಗೋವರೆಗೆ ಹೀಗೇ ನಡೀಲಿ, ಸುಮ್ನೆ ಯಾಕೆ ಮನಸ್ಸು ನೋಯಿಸೋದು" ಅಂತಾರೆ. ಒಂದು ತಾರೀಖು ಗೊತ್ತು ಮಾಡಿ ಲೆಡ್ಜರ್ ಮುಚ್ಚಿಬಿಡಲಾ? ಅಥವಾ ಎರಡೂ ನಡೀಲಿ ಅಂತ ಬಿಡಲಾ? ಇಂಥದ್ದನ್ನು ಬೇರೆ ಕಡೆ ಕಂಡವರು ಹೇಳಿ.

ಬೀಗದಕೈ:
ಲೆಡ್ಜರ್‌ಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿಯಿರಿ. ಕೀಲಿಕೈ ನಿಮ್ಮ ಜೇಬಲ್ಲಿರಲಿ. ಒಂದೇ ವಾರದಲ್ಲಿ ಎಲ್ಲರಿಗೂ ಕಂಪ್ಯೂಟರ್ ಬರುತ್ತೆ.

ಕೊಪ್ಪದ_ಮಳೆ:
ಜುಲೈ ತಿಂಗಳಲ್ಲಿ ನಮ್ಮ ಕಡೆ ಬಂದು ಈ ಮಾತು ಹೇಳಿ. ಮರ ಬಿದ್ದು ಕರೆಂಟ್ ಹೋದರೆ ಮತ್ತೆ ಬರೋದು ಯಾವಾಗಲೋ. ಯುಪಿಎಸ್ ಕೂಗಿ ಕೂಗಿ ಸುಮ್ಮನಾದ ಮೇಲೆ, ಜೀಪ್ ಬಾಡಿಗೆ ಕೊಟ್ಟು ಗೊಬ್ಬರಕ್ಕೆ ಬಂದವನನ್ನು ವಾಪಸ್ ಕಳಿಸ್ತೀರಾ?

ಜಯನಗರ_ಎಂಬಿಎ:
ಸರ್, ನಿಮ್ಮದು ಚೇಂಜ್ ಮ್ಯಾನೇಜ್‌ಮೆಂಟ್ ಸಮಸ್ಯೆ. ಮೊದಲು ಸಂಸ್ಥೆಯೊಳಗೆ ಅರ್ಜೆನ್ಸಿ ಹುಟ್ಟಿಸಬೇಕು. ವಿಷನ್ ಏನು ಅಂತ ಎಲ್ಲರಿಗೂ ತಿಳಿಸಬೇಕು. ಸಣ್ಣ ಸಣ್ಣ ಗೆಲುವುಗಳನ್ನು ಆಚರಿಸಬೇಕು. ಬದಲಾಗದ ಸಂಸ್ಥೆಗೆ ಎಚ್‌ಎಂಟಿ ಗತಿಯೇ. ಬ್ಯಾಟರಿಯ ಕ್ವಾರ್ಟ್ಜ್ ವಾಚ್ ಬಂದಾಗ ಅವರು ಕಣ್ಣು ಮುಚ್ಚಿ ಕೂತರು, ಟೈಟನ್ ಬಂದು ಬಾಚಿಕೊಂಡು ಹೋಯಿತು.

ಬೀಗದಕೈ:
ಸೊಸೈಟಿಯಲ್ಲಿ ವಿಷನ್ ತಿಳಿಸೋಕೆ ಹೊರಟರೆ "ಗೊಬ್ಬರ ಯಾವಾಗ ಬರುತ್ತೆ" ಅಂತ ಕೇಳ್ತಾರೆ ಗುರು.

ವಾಚ್_ಹುಚ್ಚ:
ಎಂಬಿಎ ಅವರೇ, ಎಚ್‌ಎಂಟಿ ಕಣ್ಣು ಮುಚ್ಚಿ ಕೂತಿರಲಿಲ್ಲ. ಈ ಕಥೆ ಎಲ್ಲರ ಬಾಯಲ್ಲೂ ಹೀಗೇ ಬರುತ್ತೆ, ಅದಕ್ಕೇ ಬರೀತಿದ್ದೇನೆ.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡೋಕೆ ಶುರು ಮಾಡಿದರು. ಕ್ವಾರ್ಟ್ಜ್ ವಾಚನ್ನೂ 1980ರ ದಶಕದ ಮೊದಲಲ್ಲೇ ತಂದರು. ಆಗ ಟೈಟನ್ ಹುಟ್ಟೇ ಇರಲಿಲ್ಲ. ಟಾಟಾದವರು ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಟಿಡ್ಕೊ ಸೇರಿ ಅದನ್ನು ಕಟ್ಟಿದ್ದು 1984ರಲ್ಲಿ, ಕಾರ್ಖಾನೆ ನಮ್ಮ ಪಕ್ಕದ ಹೊಸೂರಿನಲ್ಲಿ. ಎಚ್‌ಎಂಟಿಯ ಕ್ವಾರ್ಟ್ಜ್ ದುಬಾರಿಯಾಯಿತು, ಓಡಲಿಲ್ಲ. ಕೀ ಕೊಡುವ ವಾಚ್ ಮಾತ್ರ ಚೆನ್ನಾಗಿ ಹೋಗುತ್ತಿತ್ತು. ಜನಕ್ಕೆ ಇದೇ ಬೇಕು ಅಂದುಕೊಂಡು ಅದರ ಮೇಲೇ ಭಾರ ಹಾಕಿದರು. ಟೈಟನ್‌ನ ಮೊದಲ ಎಂಡಿ ಜೆರ್ಕ್ಸಿಸ್ ದೇಸಾಯಿ ಅವರಿಗೆ ಬಿಟ್ಟುಕೊಡೋಕೆ ಹಳೆಯದು ಅಂತ ಏನೂ ಇರಲಿಲ್ಲ. ಪೂರ್ತಿ ಕ್ವಾರ್ಟ್ಜ್ ಮೇಲೆ ಹೊರಟರು, ವಾಚನ್ನು ಆಭರಣದ ಹಾಗೆ ಅಂಗಡಿಯಲ್ಲಿ ಜೋಡಿಸಿಟ್ಟರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆಯಿತು.

ಅಂದರೆ ಹೊಸದು ಅವರ ಕೈಯಲ್ಲೇ ಇತ್ತು. ಹಳೆಯದು ಇನ್ನೂ ದುಡ್ಡು ತರ್ತಿದೆ ಅನ್ನೋ ಕಾರಣಕ್ಕೆ ಹೊಸದರ ಮೇಲೆ ಪೂರ್ತಿ ನಿಲ್ಲಲಿಲ್ಲ. ಕಾರ್ಯದರ್ಶಿಗಳೇ, ನಿಮ್ಮ ಸೊಸೈಟಿಯೂ ಈಗ ಅಲ್ಲೇ ನಿಂತಿದೆ.

ಮಸ್ಕತ್_ಕನ್ನಡಿಗ:
ವಿಷಯಾಂತರಕ್ಕೆ ಕ್ಷಮಿಸಿ. ಅಪ್ಪನ ಎಚ್‌ಎಂಟಿ ಪೈಲಟ್ ಇದೆ, ನಿಂತುಹೋಗಿದೆ. ಬೆಂಗಳೂರಲ್ಲಿ ನಂಬಿಕಸ್ಥ ರಿಪೇರಿಯವರು ಯಾರಾದರೂ?

ವಾಚ್_ಹುಚ್ಚ:
ಅವೆನ್ಯೂ ರಸ್ತೆ ಕಡೆ ಹಳೆ ಕೈಗಳು ಇನ್ನೂ ಇವೆ. ನೀವೇ ಬಿಚ್ಚಲು ಹೋಗಬೇಡಿ. ಡಯಲ್‌ಗೆ ಪಾಲಿಶ್ ಮಾಡ್ತೀನಿ ಅಂದರೆ ಬೇಡ ಅನ್ನಿ.

ತಾಲೂಕಾಫೀಸ್_ಹಳಬ:
ಬೀಗದಕೈ ತಮಾಷೆಗೆ ಹೇಳಿರಬಹುದು. ಕರ್ನಾಟಕದಲ್ಲಿ ಅದು ನಿಜವಾಗಿ ನಡೆದಿದೆ, ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಯಲ್ಲಿ. ಆಗ ನಾನು ಕಂದಾಯ ಇಲಾಖೆಯಲ್ಲಿದ್ದೆ. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಎಲ್ಲವೂ ಗ್ರಾಮ ಲೆಕ್ಕಿಗರ ಕೈಬರಹ. ಪಹಣಿ ಬೇಕಾದರೆ ಮೊದಲು ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಬೇಕು, ಸಿಕ್ಕ ಮೇಲೆ ಕೈ ಬಿಸಿ ಮಾಡಬೇಕು. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ತಾಲೂಕಿನಿಂದ ತಾಲೂಕಿಗೆ ಕಂಪ್ಯೂಟರ್ ಬಂತು. ಒಂದು ತಾಲೂಕಿನಲ್ಲಿ ಶುರುವಾಯಿತು ಅಂದರೆ ಅಲ್ಲಿ ಕೈಬರಹದ ಪಹಣಿ ನಡೆಯಲ್ಲ. 15 ರೂಪಾಯಿ ಕೊಟ್ಟು ಕೌಂಟರಿನಲ್ಲಿ ಪ್ರಿಂಟ್ ತಗೋಬೇಕು. ಆಪರೇಟರ್ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿ. ಎರಡೂ ನಡೀಲಿ ಅಂತ ಬಿಟ್ಟಿದ್ದರೆ ಇವತ್ತಿಗೂ ಕೈಬರಹದ್ದೇ ದರ್ಬಾರು ಇರುತ್ತಿತ್ತು ಅಂತ ನನ್ನ ಅಭಿಪ್ರಾಯ.

ಆದರೆ ಬೀಗ ಹಾಕುವ ಮೊದಲು ಏನು ಮಾಡಿದರು ಅನ್ನೋದನ್ನು ಯಾರೂ ಹೇಳಲ್ಲ. ಟೈಪ್ ಆದದ್ದನ್ನು ಪ್ರಿಂಟ್ ತೆಗೆದು ಮತ್ತೆ ಅದೇ ಗ್ರಾಮ ಲೆಕ್ಕಿಗರ ಮುಂದಿಟ್ಟು ತಾಳೆ ನೋಡಿಸಿದರು. ಯಾರ ಕೈಯಿಂದ ಅಧಿಕಾರ ಹೋಗುತ್ತಿತ್ತೋ ಅವರೇ ತಪ್ಪು ತಿದ್ದಿ ಕೊಡಬೇಕಿತ್ತು. ಅದಕ್ಕೇ ಮೇಲಿನಿಂದ ಬೆನ್ನು ಹತ್ತಿ ಕೆಲಸ ತೆಗೆಸಬೇಕಾಯಿತು. ತಾರೀಖು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಹೊಸಕೋಟೆ_ಗೌಡ:
ಪಹಣಿಗೆ ಕೊಡೋದು ನಿಂತಿತು ಸರ್, ಒಪ್ಪಿದೆ. ಖಾತೆ ಬದಲಾವಣೆಗೆ ನಿಂತಿತಾ? ಮೊದಲು ಊರಲ್ಲಿ ಕೊಡ್ತಿದ್ದೆವು, ಆಮೇಲೆ ಬಸ್ ಚಾರ್ಜ್ ಹಾಕಿಕೊಂಡು ತಾಲೂಕಿಗೆ ಹೋಗಿ ಕೊಟ್ಟೆವು.

ತಾಲೂಕಾಫೀಸ್_ಹಳಬ:
ಗೌಡರೇ, ನೀವು ಹೇಳಿದ್ದು ಸುಳ್ಳಲ್ಲ. ಪ್ರಿಂಟ್ ಕೊಡೋದು ಯಂತ್ರದ ಕೆಲಸ. ಖಾತೆ ಬದಲಾವಣೆಯಲ್ಲಿ ಮನುಷ್ಯ ಸಹಿ ಹಾಕಬೇಕು. ಎಲ್ಲಿ ಸಹಿ ಉಳಿಯಿತೋ ಅಲ್ಲಿ ಕಾಯಿಸೋದೂ ಉಳಿಯಿತು.

ಉಡುಪಿ_ರಾಯರು:
ನಮ್ಮ ಕರಾವಳಿಯವರು ಇದನ್ನು ಬೇರೆ ರೀತಿಯಲ್ಲಿ ಕಂಡವರು ಮಾರಾಯ್ರೆ. 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಗಿ ಎಸ್‌ಬಿಐ ಆಯಿತು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಈ ಕೊನೆಯ ಎರಡು ಆಗುವಾಗ ದೇಶವಿಡೀ ಲಾಕ್‌ಡೌನ್. ಬೋರ್ಡ್ ಬದಲಾಯಿಸುವುದಕ್ಕೂ ಜನ ಹೊರಗೆ ಬರುವ ಹಾಗಿಲ್ಲ.

ತಾರೀಖು ಹಾಕುವ ವಿಷಯದಲ್ಲಿ ಒಂದು ನೋಡಿ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು ವಿಲೀನವಾದ ಮರುದಿನ ಸಾಯಲಿಲ್ಲ. 2021ರ ಜೂನ್ 30ರವರೆಗೆ ನಡೆದವು. ಪಿಂಚಣಿ, ಸಂಬಳ, ಗ್ಯಾಸ್ ಸಬ್ಸಿಡಿ, ಎಲ್ಲದಕ್ಕೂ ಆ ಕೋಡ್ ಕೊಟ್ಟ ಜನ ಇರ್ತಾರಲ್ಲ. ಹಳೆ ದಾರಿ ತೆರೆದಿಟ್ಟರು, ಆದರೆ ಮುಚ್ಚುವ ದಿನ ಇಂಥದ್ದು ಅಂತ ಮೊದಲೇ ಹೇಳಿದರು. ನಿಮ್ಮಲ್ಲಿ ಎರಡೂ ನಡೀತಿವೆ, ಕೊನೆಯ ದಿನ ಯಾರಿಗೂ ಗೊತ್ತಿಲ್ಲ. ಹಾಗಾದರೆ ಯಾರು ಯಾಕೆ ಬಿಡ್ತಾರೆ?

ಇನ್ನೊಂದು. ನಾನೂ ವಿಲೀನವಾದ ಒಂದು ಬ್ಯಾಂಕಿನಲ್ಲಿ ಶಾಖೆ ನೋಡಿಕೊಂಡವನು, ಯಾವುದು ಅಂತ ಬೇಡ. ಸಾಫ್ಟ್‌ವೇರ್ ಬದಲಾಗುವ ದಿನದ ಬಗ್ಗೆ ಸುತ್ತೋಲೆ ಮೇಲೆ ಸುತ್ತೋಲೆ ಬಂತು. ಒಂದೇ ರಸ್ತೆಯಲ್ಲಿ ಎರಡು ಶಾಖೆ ಆದವಲ್ಲ, ಅದರಲ್ಲಿ ಯಾವುದು ಮುಚ್ಚುತ್ತದೆ, ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಯಾರೂ ಹೇಳಲಿಲ್ಲ. ನಮ್ಮ ಹುಡುಗರಿಗೆ ಅದು ಗೊತ್ತಾದದ್ದು ವಾಟ್ಸಾಪಿನಲ್ಲಿ. ಆಮೇಲೆ ಎರಡು ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಬಹಳ ಸಮಯ "ನಿಮ್ಮ ಬ್ಯಾಂಕಿನಲ್ಲಿ ಹಾಗೆ, ನಮ್ಮದರಲ್ಲಿ ಹೀಗೆ" ಅನ್ನುವ ಮಾತೇ ನಡೆಯಿತು. ಗುಮಾಸ್ತರಿಗೆ ಸಾಫ್ಟ್‌ವೇರ್ ಕಲಿಸುವ ಮೊದಲು, ಲೆಡ್ಜರ್ ಹೋದ ಮೇಲೆ ಅವರ ಕೆಲಸ ಏನು ಅಂತ ಹೇಳಿದ್ದೀರಾ?

ಮಣಿಪಾಲ್_ಮಗ:
ಸಿಂಡಿಕೇಟ್ ಅಂದರೆ ಪಿಗ್ಮಿ. 1928ರಲ್ಲೇ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಹಾಕಿಸಿದ ಬ್ಯಾಂಕ್. ಹೆಸರು ಹೋಯಿತಲ್ಲ ಅಂತ ಈಗಲೂ ಬೇಜಾರು.

ಕಾಮ್ರೇಡ್_ಕಟ್ಟೆ:
ಎಲ್ಲರೂ ನೌಕರರನ್ನೇ ಅಡ್ಡಗಾಲು ಅಂತ ನೋಡ್ತಿದ್ದೀರಿ. ಬ್ಯಾಂಕುಗಳಿಗೆ ಕಂಪ್ಯೂಟರ್ ಹೇಗೆ ಬಂತು ಗೊತ್ತಾ? 1983ರಲ್ಲಿ ಬ್ಯಾಂಕ್ ಆಡಳಿತ ಮತ್ತು ನೌಕರರ ಸಂಘಗಳ ನಡುವೆ ಒಪ್ಪಂದ ಆಯಿತು. ಯಾವ ಯಂತ್ರ, ಎಲ್ಲಿ, ಎಷ್ಟು ಅಂತ ಅದರಲ್ಲಿ ಬರೆದಿತ್ತು. ಮರುವರ್ಷ ಬ್ಯಾಂಕ್ ಗಣಕೀಕರಣದ ಬಗ್ಗೆ ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಆಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದವು. ನಿಧಾನ ಆಯಿತು ಅಂತ ಬೈಯುವವರು ಇದ್ದಾರೆ. ಆದರೆ ಮಾತಾಡಿ, ಬರೆದುಕೊಂಡು, ಸಹಿ ಹಾಕಿ ಆಯಿತು. ನಿಮ್ಮ ಸೊಸೈಟಿಯಲ್ಲಿ ಗುಮಾಸ್ತರ ಜೊತೆ ಯಾರು ಮಾತಾಡಿದರು? ಡಬ್ಬ ಬಂತು, ಎರಡು ದಿನ ತರಬೇತಿ, ಚಹಾ ಬಿಸ್ಕತ್ತು, ಮುಗೀತು.

ಜಯನಗರ_ಎಂಬಿಎ:
ಅಷ್ಟು ನಿಧಾನ ಆಗಿದ್ದಕ್ಕೇ ಆಮೇಲೆ ಬಂದ ಖಾಸಗಿ ಬ್ಯಾಂಕುಗಳು ಶುರುವಿನಿಂದಲೇ ಕಂಪ್ಯೂಟರ್ ಇಟ್ಟುಕೊಂಡು ಒಳ್ಳೆ ಗ್ರಾಹಕರನ್ನು ಎತ್ತಿಕೊಂಡು ಹೋದವು ಅಲ್ವಾ ಕಾಮ್ರೇಡ್?

ಕಾಮ್ರೇಡ್_ಕಟ್ಟೆ:
ಅವು ಮೊದಲು ಎಲ್ಲಿ ಅಂಗಡಿ ತೆರೆದವು ನೋಡಿ. ನಿಮ್ಮ ಜಯನಗರದಲ್ಲಿ. ಕೊಪ್ಪದ ಮಳೆಯಲ್ಲಿ ರೈತನಿಗೆ ಬೆಳೆ ಸಾಲ ಕೊಡೋಕೆ ಯಾರೂ ಓಡಿ ಬರಲಿಲ್ಲ.

ಡೇಟಾ_ಎಂಟ್ರಿ_ಅಕ್ಕ:
ಮಧ್ಯಾಹ್ನದ ಮೇಲೆ ಕಂಪ್ಯೂಟರ್‌ಗೆ ಹಾಕುವ ಆ ಹುಡುಗಿಯ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಒಂದು ಮಾತೂ ಕೇಳಲಿಲ್ಲ. ನಾನೂ ಇಂಥದೇ ಒಂದು ಸಂಘದಲ್ಲಿ ಅದೇ ಕೆಲಸ ಮಾಡಿದವಳು.

ತಾಳೆ ಯಾಕೆ ಆಗಲ್ಲ ಅಂತ ಹೇಳ್ತೀನಿ ಕೇಳಿ. ಲೆಡ್ಜರ್‌ನಲ್ಲಿ "ಮಂಜಪ್ಪ, ಕೆಳಗಿನಮನೆ" ಅಂತ ಇರುತ್ತೆ. ಆಧಾರ್‌ನಲ್ಲಿ "ಮಂಜುನಾಥ" ಅಂತ ಇರುತ್ತೆ. ಪಹಣಿಯಲ್ಲಿ ಇನ್ನೂ ಅವರ ಅಪ್ಪನ ಹೆಸರು. ಮೂರೂ ಒಬ್ಬರೇ ಅಂತ ಗೊತ್ತಿರೋದು ಗುಮಾಸ್ತರೊಬ್ಬರಿಗೆ ಮಾತ್ರ. ಸತ್ತವರ ಷೇರು ಯಾರ ಹೆಸರಿಗೆ ಹೋಗಬೇಕು, ಯಾವ ಸಾಲಕ್ಕೆ ಜಾಮೀನುದಾರ ಯಾರು, ಹಳೆ ಬಾಕಿಯಲ್ಲಿ ಬಡ್ಡಿ ಎಷ್ಟು ಅಸಲು ಎಷ್ಟು, ಇದೂ ಅವರಿಗೇ ಗೊತ್ತು. ಸಾಫ್ಟ್‌ವೇರ್ ಶುರು ಮಾಡುವಾಗ ಹಾಕಿದ ಆರಂಭಿಕ ಶಿಲ್ಕು ತಪ್ಪಿದ್ದರೆ, ನೀವು ದಿನಾ ಎಷ್ಟೇ ಸರಿಯಾಗಿ ಹಾಕಿದರೂ ಸಂಜೆ ವ್ಯತ್ಯಾಸ ಬಂದೇ ಬರುತ್ತೆ.

ಅವರನ್ನು ಕೀಬೋರ್ಡ್ ಮುಂದೆ ಕೂರಿಸಬೇಡಿ. ಪ್ರತಿ ಸದಸ್ಯರ ಖಾತೆ ಪ್ರಿಂಟ್ ತೆಗೆದು ಅವರಿಗೆ ಕೊಡಿ, ಕೆಂಪು ಪೆನ್ ಕೊಡಿ. ಅವರು ಗುರುತು ಹಾಕಲಿ, ಹುಡುಗಿ ತಿದ್ದಲಿ, ಕೊನೆಗೆ ಇಬ್ಬರೂ ಸಹಿ ಹಾಕಲಿ. ರಸೀದಿ ಮಾತ್ರ ಮೊದಲು ಕಂಪ್ಯೂಟರ್‌ನಿಂದ ಬರಬೇಕು. ಲೆಡ್ಜರ್ ಬರೆಯಲೇಬೇಕು ಅಂದರೆ ಆ ಪ್ರಿಂಟ್ ನೋಡಿ ಬರೆಯಲಿ. ಈಗ ಲೆಡ್ಜರ್ ನೋಡಿ ಕಂಪ್ಯೂಟರ್‌ಗೆ ಹಾಕ್ತಿದ್ದೀರಿ, ಅದನ್ನು ತಿರುಗಿಸಿ.

ಮತ್ತೆ ಆ ಹುಡುಗಿಗೆ ಸಂಬಳ ಎಷ್ಟು? ಕಾಯಂ ಇದ್ದಾಳಾ? ಅದೂ ಬದಲಾವಣೆಯ ಖರ್ಚೇ.

ತಾಲೂಕಾಫೀಸ್_ಹಳಬ:
ಅಕ್ಕ ಹೇಳಿದ ಕೆಂಪು ಪೆನ್ ಉಪಾಯಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕೊಪ್ಪದ_ಮಳೆ:
ಗೊಬ್ಬರಕ್ಕೆ ಪಿಒಎಸ್ ಯಂತ್ರ ಬಂದಾಗಲೂ ಇದೇ ಗಲಾಟೆ. ಹೆಬ್ಬೆಟ್ಟು ಒತ್ತದೆ ಮೂಟೆ ಕೊಡೋ ಹಾಗಿಲ್ಲ ಅಂದಾಗ ಎಲ್ಲ ಹಳಬರೂ ಕಲಿತರು. ಕಾರ್ಯದರ್ಶಿಗಳೇ, ನಿಮ್ಮ ಗುಮಾಸ್ತರಿಗೆ ಆ ಯಂತ್ರ ಬರುತ್ತಾ?

ಸೊಸೈಟಿ_ಕಾರ್ಯದರ್ಶಿ:
ಬರುತ್ತೆ! ಗೊಬ್ಬರದ ಸೀಸನ್‌ನಲ್ಲಿ ಅವರೇ ಅದನ್ನು ನೋಡಿಕೊಳ್ಳೋದು. ಈ ಕೋನದಿಂದ ಯೋಚಿಸಿರಲಿಲ್ಲ.

ಗದಗ_ಮಂದಿ:
ಅಂದಮ್ಯಾಲೆ ಮುದುಕರಿಗೆ ಯಂತ್ರದ ಅಂಜಿಕಿ ಇಲ್ರೀ. ಬ್ಯಾರೆ ಏನೋ ಐತಿ.

ನಮ್ಮ ಕಡೆ ಸೊಸೈಟಿ ವಿಷಯ ಸಣ್ಣ ಹುಡುಗರಿಗೂ ಗೊತ್ತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಕಣಗಿನಹಾಳದಾಗ, 1905ರಾಗ, ಸಿದ್ದನಗೌಡ ಪಾಟೀಲರು ಕಟ್ಟಿದ್ದು. ಹೆಮ್ಮಿ ಒಂದು ಕಡೆ ಇರಲಿ. ರೋಗಾನೂ ನಮಗ ಗೊತ್ತು.

ಬೆಳೆ ಸಾಲಕ್ಕ ಈಗ ಶೂನ್ಯ ಬಡ್ಡಿ. 3 ಲಕ್ಷ ಇದ್ದದ್ದು 2023ರ ಬಜೆಟ್‌ನಾಗ 5 ಲಕ್ಷ ಆತು. ಆದರ ಗಡುವಿನೊಳಗ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ಬಡ್ಡಿ ಬೀಳ್ತದ. ಆವಾಗ ನಿರ್ದೇಶಕರ ಫೋನು ಬರ್ತದ. "ನಮ್ಮವ ನಾಳೆ ಕಟ್ಟತಾನ, ನಿನ್ನಿ ತಾರೀಖು ಹಾಕ್ರಿ" ಅಂತ. ಪುಸ್ತಕದಾಗ ಒಂದು ಸಾಲು ಖಾಲಿ ಬಿಟ್ಟರ ಆತು. ಡೇ ಎಂಡ್ ಆದ ಕಂಪ್ಯೂಟರ್‌ನಾಗ ಅದು ನಡಿಯಂಗಿಲ್ಲ. "ಮುದುಕರ ಮನಸ್ಸು ನೋಯಿಸಬ್ಯಾಡ್ರಿ" ಅಂತ ಹೇಳಿದವರು ಯಾರು? ಆಡಳಿತ ಮಂಡಳಿ. ಲೆಡ್ಜರ್ ಯಾರಿಗೆ ಬೇಕಾಗೇತಿ ಅಂತ ಇನ್ನೊಮ್ಮೆ ವಿಚಾರ ಮಾಡ್ರಿ.

ಹೊಸಕೋಟೆ_ಗೌಡ:
ಅಯ್ಯೋ ಶಿವನೇ. ಇದೇ ಸರಿ ಇರಬೇಕು.

ಜಯನಗರ_ಎಂಬಿಎ:
ಸುಮ್ನೆ ಅನುಮಾನ ಪಡೋದು ಬೇಡ. ಎಲ್ಲ ಮಂಡಳಿಗಳೂ ಹಾಗೇ ಇರಲ್ಲ.

ಗದಗ_ಮಂದಿ:
ಎಲ್ಲಾವೂ ಅಂತ ನಾ ಎಲ್ಲಿ ಅಂದೇನ್ರೀ? ಅವರ ಮಂಡಳಿ ಹೆಂಗ ಅಂತ ಅವರಿಗೇ ಗೊತ್ತು. ಕೇಳಿ ನೋಡಲಿ.

ಸೊಸೈಟಿ_ಕಾರ್ಯದರ್ಶಿ:
ಗದಗಿನವರ ಮಾತು ಓದಿದ ಮೇಲೆ ಗುಮಾಸ್ತರನ್ನು ಚಹಾಕ್ಕೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಂಪ್ಯೂಟರ್ ಬಗ್ಗೆ ನನಗೇನೂ ಸಿಟ್ಟಿಲ್ಲ. ತಾರೀಖಿಗೆ ಫೋನ್ ಬಂದಾಗ ಇಷ್ಟು ವರ್ಷ ನಾನು ಉತ್ತರ ಕೊಟ್ಟಿದ್ದೇನೆ. ಇನ್ನು ಮೇಲೆ ನೀವು ಕೊಡ್ತೀರಾ?" ಅಂದರು. ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಫೋನ್ ಮಾಡಿದವರ ಹೆಸರು ಎಲ್ಲೂ ಇರಲ್ಲ, ಬರೆದ ಕೈ ಅವರದು. ಪುಸ್ತಕ ಪೂರ್ತಿ ತನ್ನ ಕೈಯಲ್ಲಿದ್ದರೆ ಏನು ಹೇಗೆ ಅಂತ ತನಗಾದರೂ ಗೊತ್ತಿರುತ್ತೆ, ಕಂಪ್ಯೂಟರ್‌ನಲ್ಲಿ ಯಾರ ಲಾಗಿನ್‌ನಿಂದ ಯಾರು ಏನು ಮಾಡ್ತಾರೋ ಅನ್ನೋ ಭಯ ಅವರಿಗೆ.

ಕೆಂಪು ಪೆನ್ನಿನ ಕೆಲಸಕ್ಕೆ ತಕ್ಷಣ ಒಪ್ಪಿದರು. "ಅದನ್ನು ಮೊದಲೇ ಕೇಳಿದ್ದರೆ ಮಾಡಿಕೊಡ್ತಿದ್ದೆ" ಅಂದರು.

ಡೇಟಾ_ಎಂಟ್ರಿ_ಅಕ್ಕ:
ಲಾಗಿನ್ ವಿಷಯ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಎಷ್ಟೋ ಕಡೆ ಕಾರ್ಯದರ್ಶಿಯ ಪಾಸ್‌ವರ್ಡ್ ಮಾನಿಟರ್ ಮೇಲೆ ಚೀಟಿ ಅಂಟಿಸಿರುತ್ತೆ. ಹಾಕೋದು ಒಬ್ಬರು, ಪಾಸ್ ಮಾಡೋದು ಇನ್ನೊಬ್ಬರು ಆಗಿರಬೇಕು. ನಾಳೆಯೇ ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿಸಿ.

ಕಾಮ್ರೇಡ್_ಕಟ್ಟೆ:
ಬಾಯಿ ಮಾತಿನ ಭರವಸೆ ಸಾಲದು. ಮಂಡಳಿ ಸಭೆಯಲ್ಲಿ ಠರಾವು ಮಾಡಿಸಿ. ಇಂಥ ದಿನದಿಂದ ಗಣಕೀಕೃತ ರಸೀದಿಯೇ ಅಧಿಕೃತ, ಹಿಂದಿನ ತಾರೀಖಿಗೆ ಯಾವುದೇ ಜಮಾ ಇಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರಬೇಕು. ನಿರ್ದೇಶಕರ ಸಹಿ ಬೀಳಬೇಕು. ಸಹಕಾರ ಸಂಘಗಳ ಕಾಯ್ದೆಯಲ್ಲಿ 64ನೇ ಸೆಕ್ಷನ್ನಿನ ವಿಚಾರಣೆ, ಸಂಘಕ್ಕೆ ಆದ ನಷ್ಟವನ್ನು ಕಾರಣರಾದವರಿಂದಲೇ ವಸೂಲಿ ಮಾಡುವ 69ರ ಸರ್‌ಚಾರ್ಜ್ ಇದೆ ಅನ್ನೋದನ್ನು ಎಲ್ಲರಿಗೂ ಕೇಳಿಸುವ ಹಾಗೆ ಒಮ್ಮೆ ಓದಿ.

ಬೀಗದಕೈ:
ಅಂದರೆ ಬೀಗ ಹಾಕಬೇಕಾದ್ದು ನಿರ್ದೇಶಕರ ಫೋನ್‌ಗೆ.

ಉಡುಪಿ_ರಾಯರು:
ಠರಾವು ಸರಿ. ಏಪ್ರಿಲ್ 1 ಅಂತ ಮಾತ್ರ ಬರೆಯಬೇಡಿ. ಬ್ಯಾಂಕುಗಳಿಗೆ ದೊಡ್ಡ ತಂಡ ಇರುತ್ತದೆ. ನಿಮ್ಮಲ್ಲಿ ಮಾರ್ಚ್ ಅಂದರೆ ವಸೂಲಿ, ನವೀಕರಣ, ಕ್ಲೋಸಿಂಗ್ ಒಟ್ಟಿಗೆ. ಆ ಗಡಿಬಿಡಿಯಲ್ಲಿ ಬಾಗಿಲಿಗೆ ಬಂದವರ ಮುಂದೆ ಪ್ರಿಂಟರ್ ಕೈ ಕೊಟ್ಟರೆ ಮರುದಿನವೇ ಲೆಡ್ಜರ್ ಹೊರಗೆ ಬರುತ್ತದೆ.

ತಾಲೂಕಾಫೀಸ್_ಹಳಬ:
ರಾಯರೇ, ನಾನು ಒಪ್ಪಲ್ಲ. ವರ್ಷದ ನಡುವೆ ಬದಲಾಯಿಸಿದರೆ ಆಡಿಟರ್ ಅರ್ಧ ವರ್ಷ ಪುಸ್ತಕ, ಅರ್ಧ ವರ್ಷ ಪ್ರಿಂಟ್ ನೋಡಬೇಕು. ಅಲ್ಲೇ ಹಳೆ ತಾರೀಖಿನ ಆಟಕ್ಕೆ ಜಾಗ ಸಿಗೋದು. ಏಪ್ರಿಲ್ 1 ಕಷ್ಟವೇ, ಆದರೆ ಸಾಫ್ ಆಗಿರುತ್ತೆ.

ಕೊಪ್ಪದ_ಮಳೆ:
ಯಾವ ತಾರೀಖಾದರೂ ಸರಿ, ಮಳೆಗಾಲದ ಮುಂಚೆ ಬ್ಯಾಟರಿ ಬದಲಾಯಿಸಿ. ಕರೆಂಟ್ ಇಲ್ಲದ ದಿನಕ್ಕೆ ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ ಒಂದೇ ಒಂದು ಇರಲಿ. ಕರೆಂಟ್ ಬಂದ ತಕ್ಷಣ ಅದರಲ್ಲಿರೋದು ಒಳಗೆ ಹೋಗಬೇಕು. ಆ ಪುಸ್ತಕ ಗುಮಾಸ್ತರ ಹತ್ತಿರವೇ ಇರಲಿ.

ಸೊಸೈಟಿ_ಕಾರ್ಯದರ್ಶಿ:
ಬ್ಯಾಟರಿಗೆ ಕೊಟೇಶನ್ ಕೇಳಿದ್ದೇನೆ. ಲಾಗಿನ್ ಬೇರೆ ಮಾಡಿಸಿದ್ದೇನೆ. ಖಾತೆಗಳ ಪ್ರಿಂಟ್ ಶುರುವಾಗಿದೆ, ಮೊದಲ ಕಟ್ಟಿನಲ್ಲೇ ಗುಮಾಸ್ತರು ಕೆಂಪು ಗುರುತು ಹಾಕಿದ್ದು ನೋಡಿ ಹುಡುಗಿಗೆ ಗಾಬರಿ. ತಾರೀಖು ಏಪ್ರಿಲ್ 1 ಅಂತಲೇ ಅಜೆಂಡಾದಲ್ಲಿ ಹಾಕಿದ್ದೇನೆ, ಹಳಬರ ಮಾತು ಸರಿ ಅನ್ನಿಸಿತು. ಅವಳ ಸಂಬಳದ ವಿಷಯವೂ ಅದೇ ಅಜೆಂಡಾದಲ್ಲಿದೆ. ನೋಟಿಸ್ ಕೈಗೆ ಸಿಕ್ಕ ಇಬ್ಬರು ನಿರ್ದೇಶಕರು ಆಗಲೇ ಫೋನ್ ಮಾಡಿ, ಈ ವಿಷಯ ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಅಂದರು.

ಹೊಸಕೋಟೆ_ಗೌಡ:
ಮುಂದಿನ ಸಭೆ ಅಂದರೆ ಮುಂದಿನ ಚುನಾವಣೆ ಆದ ಮೇಲೆ ಅಂತ ಅರ್ಥ.

ಗದಗ_ಮಂದಿ:
ಕೋರಂ ನೋಡ್ಕೋರಿ. ಇಬ್ಬರು ಬರೂದಿಲ್ಲ ಅಂದ್ರ ಅಡ್ಡಿಯಿಲ್ಲ. ಅವರ ಬೆನ್ನಿಗೆ ಇನ್ನಷ್ಟು ಮಂದಿ ಕುಂತರ ಸಭೆನ ನಡಿಯಂಗಿಲ್ಲ. ಅಧ್ಯಕ್ಷರ ಕೂಡ ಇವತ್ತ ಮಾತಾಡ್ರಿ.